ಶಾಹು ಮಹಾರಾಜರು ಕುಡಿದ ಚಹಾ: ನಗರದಲ್ಲಿ ಅಂಗಡಿ ತೆರೆಯೋ ಮುಂಚೆ ಓದಬೇಕಾದ ನಮ್ಮ ಇತಿಹಾಸ



ಡಿಗ್ರಿ ಮುಗಿಸಿ ಊರಲ್ಲಿ ಕೂತಿರೋ ನಮ್ಮ ಹುಡುಗ ಹುಡುಗಿಯರು ಮೊದಲೆಲ್ಲ "ಅಣ್ಣಾ, ಯಾವ ಪರೀಕ್ಷೆ ಕಟ್ಟಲಿ" ಅಂತ ಕೇಳ್ತಿದ್ರು. ಈಗ ಕೇಳೋ ಪ್ರಶ್ನೆ ಬೇರೆ. "ಅಣ್ಣಾ, ಬೆಂಗಳೂರಲ್ಲೋ ಮೈಸೂರಲ್ಲೋ ಏನಾದ್ರೂ ಬಿಸಿನೆಸ್ ಶುರು ಮಾಡ್ಬೇಕು ಅಂತಿದೀನಿ, ಮಾಡ್ಲಾ ಬೇಡ್ವಾ?" ಕೆಲವರು ಅಪ್ಪನ ಹೆಸರಲ್ಲಿರೋ ಎರಡು ಎಕರೆ ಮಾರಿ ಬಂಡವಾಳ ಮಾಡೋ ಮಾತೂ ಆಡ್ತಾರೆ. ಅದನ್ನ ಕೇಳಿದಾಗ ನನಗೆ ಭಯ ಆಗುತ್ತೆ. ಅದಕ್ಕೇ ಒಬ್ಬೊಬ್ಬರಿಗೆ ಮೆಸೇಜಲ್ಲಿ ಉತ್ತರ ಬರೆಯೋ ಬದಲು ಎಲ್ಲರಿಗೂ ಸೇರಿ ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಗರದಲ್ಲಿ ವ್ಯಾಪಾರ ಮಾಡೋದರ ಲಾಭ ನಷ್ಟ ಹೇಳೋ ವಿಡಿಯೋಗಳು ಬೇಕಾದಷ್ಟಿವೆ. ಗಿರಾಕಿ ಜಾಸ್ತಿ, ಬಾಡಿಗೆಯೂ ಜಾಸ್ತಿ, ಪೈಪೋಟಿಯೂ ಜಾಸ್ತಿ ಅನ್ನೋ ಪಟ್ಟಿ ಅದು. ಆ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ಜಾತಿ ಅನ್ನೋ ಕಲಮೇ ಇರಲ್ಲ. ನಮ್ಮವರು ಪೇಟೆಗೆ ಕಾಲಿಟ್ಟು ನೂರು ವರ್ಷದ ಮೇಲಾಯ್ತು. ಅವರಿಗೆ ಏನಾಯ್ತು ಅನ್ನೋದನ್ನ ನೋಡದೆ ನಮ್ಮ ಲೆಕ್ಕ ಹಾಕೋಕೆ ಆಗಲ್ಲ.

ಮೊದಲು ಹಳ್ಳಿಯ ಲೆಕ್ಕ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಎಷ್ಟು ಕಟುವಾಗಿ ಟೀಕಿಸಿದರು ಅನ್ನೋದು ನಮಗೆಲ್ಲ ಗೊತ್ತು. ಆ ಮಾತನ್ನ ನಾವು ಬರೀ ಅವಮಾನದ ವಿಷಯವಾಗಿ ಓದ್ತೀವಿ. ವ್ಯಾಪಾರದ ವಿಷಯವಾಗಿಯೂ ಓದಬೇಕು. ಮುಂಬೈ ಸರ್ಕಾರ 1928ರಲ್ಲಿ ಸ್ಟಾರ್ಟ್ ಅನ್ನೋ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು, ಬಾಬಾಸಾಹೇಬರು ಅದರ ಸದಸ್ಯರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. 1930ರಲ್ಲಿ ಬಂದ ಅದರ ವರದಿ ಹಳ್ಳಿಯ ಬಹಿಷ್ಕಾರ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿತು. ಅಸ್ಪೃಶ್ಯರು ಹಕ್ಕು ಕೇಳಿದ ಕೂಡಲೇ ಹೊಲದಿಂದ ಬಿಡಿಸ್ತಾರೆ, ಕೂಲಿಗೆ ಕರೆಯಲ್ಲ, ಓಡಾಡೋ ದಾರಿ ಮುಚ್ಚುತ್ತಾರೆ, ಊರ ಅಂಗಡಿಯವನು ಉಪ್ಪು ಅಕ್ಕಿ ಕೊಡೋದನ್ನ ನಿಲ್ಲಿಸ್ತಾನೆ. ಹೊಡೆಯೋ ಅಗತ್ಯವೇ ಇಲ್ಲ. 1947ರಲ್ಲಿ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಬರೆದಾಗ ಬಾಬಾಸಾಹೇಬರು ಸಾಮಾಜಿಕ ಬಹಿಷ್ಕಾರವನ್ನ ಅಪರಾಧ ಅಂತ ಘೋಷಿಸಬೇಕು ಅಂತ ಕೇಳಿದ್ದು ಇದೇ ಅನುಭವದಿಂದ. ದೌರ್ಜನ್ಯ ತಡೆ ಕಾಯ್ದೆಯೊಳಗೆ ಆರ್ಥಿಕ ಬಹಿಷ್ಕಾರ ಅನ್ನೋ ಪದ ಸ್ಪಷ್ಟವಾಗಿ ಬಂದಿದ್ದು 2015ರ ತಿದ್ದುಪಡಿಯಲ್ಲಿ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ 68 ವರ್ಷ.

ಇದೆಲ್ಲ ಹಳೇ ಕತೆ ಅನ್ನೋರಿಗೆ ಇನ್ನೊಂದು ಲೆಕ್ಕ. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಸಮೀಕ್ಷೆ ಮಾಡಿ ಘನಶ್ಯಾಮ್ ಶಾ, ಸುಖದೇವ್ ಥೋರಟ್ ಮೊದಲಾದವರು 2006ರಲ್ಲಿ ಪುಸ್ತಕ ತಂದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ ದಲಿತರು ತಾವು ಬೆಳೆದಿದ್ದನ್ನ ಸ್ಥಳೀಯ ಮಾರುಕಟ್ಟೆಯಲ್ಲಿ ಮಾರೋ ಹಾಗಿರಲಿಲ್ಲ. ಹಾಲಿನ ಸಹಕಾರ ಸಂಘ ಇರೋ ಹಳ್ಳಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ನಮ್ಮವರು ಕರೆದ ಹಾಲು ಸಂಘಕ್ಕೆ ಹೋಗ್ತಿರಲಿಲ್ಲ. ಹಸು ಅದೇ, ಹುಲ್ಲು ಅದೇ, ಹಾಲೂ ಬಿಳಿಯೇ. ಕರೆದ ಕೈ ಮಾತ್ರ ಲೆಕ್ಕಕ್ಕೆ ಬರುತ್ತೆ.

ಹಾಗಾದ್ರೆ ಊರಲ್ಲಿ ನಮ್ಮ ಹುಡುಗ ಅಂಗಡಿ ಇಟ್ಟರೆ ಯಾರು ಬರ್ತಾರೆ? ಕೇರಿಯವರು. ಅವರ ಕೈಲಿ ಕೂಲಿ ಇರೋದು ವರ್ಷದಲ್ಲಿ ಕೆಲವೇ ತಿಂಗಳು, ಉಳಿದಿದ್ದೆಲ್ಲ ಉದ್ರಿ. ಊರೊಳಗಿನ ಗೌಡರ ಮನೆಯವರು ಬಂದರೂ ಉದ್ರಿಯೇ, ಅದನ್ನ ವಾಪಸ್ ಕೇಳೋ ಧೈರ್ಯ ಯಾರಿಗಿದೆ? ಬಾಡಿಗೆ ಇಲ್ಲ, ಊಟಕ್ಕೆ ಮನೆ ಇದೆ, ಕಾಯಿಲೆ ಬಿದ್ದರೆ ಅಂಗಡೀಲಿ ಕೂರೋಕೆ ಅವ್ವ ಇದ್ದಾಳೆ. ಇದಿಷ್ಟೂ ಹಳ್ಳಿಯ ಲಾಭವೇ, ಇಲ್ಲ ಅನ್ನಲ್ಲ. ಆದರೆ ಗಿರಾಕಿಗಳೆಲ್ಲ ಒಂದೇ ರಾತ್ರಿ ಕೂತು "ಇವನ ಅಂಗಡಿಗೆ ಹೋಗಬೇಡಿ" ಅಂತ ತೀರ್ಮಾನ ಮಾಡಬಹುದಾದ ಜಾಗ ಅದು. ನಗರದ ದೊಡ್ಡ ಲಾಭ ಇಲ್ಲೇ ಇದೆ. ನಗರದಲ್ಲಿ ಗಿರಾಕಿಗಳಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಪಂಚಾಯ್ತಿ ಸೇರಿಸಿ ಬಹಿಷ್ಕಾರ ಹಾಕೋಕಾಗಲ್ಲ.

ಹಾಗಂತ ನಗರದಲ್ಲಿ ಜಾತಿ ಇಲ್ವಾ? ಇದಕ್ಕೆ ನಮ್ಮ ಇತಿಹಾಸದಲ್ಲಿ ಮೂರು ಊರು ಉತ್ತರ ಕೊಡ್ತವೆ. ಮುಂಬೈ, ಕೊಲ್ಹಾಪುರ, ಆಗ್ರಾ.

ಮುಂಬೈಯ ಕತೆ ಬಾಬಾಸಾಹೇಬರದೇ. ನಮ್ಮಲ್ಲಿ ಬಹಳ ಜನಕ್ಕೆ ಅವರು ಒಂದು ಬಿಸಿನೆಸ್ ಶುರು ಮಾಡಿದ್ದರು ಅನ್ನೋದೇ ಗೊತ್ತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ಓದನ್ನ ಅರ್ಧಕ್ಕೆ ಬಿಟ್ಟು 1917ರಲ್ಲಿ ಅವರು ವಾಪಸ್ ಬಂದರು. ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಉಳಿಯೋಕೆ ಜಾಗ ಸಿಗದೆ, ಪಾರ್ಸಿ ವಸತಿಗೃಹದಿಂದ ಹೊರದಬ್ಬಿಸಿಕೊಂಡು ಬಂದದ್ದನ್ನ ಅವರೇ ಬರೆದಿದ್ದಾರೆ. ಆಮೇಲೆ ಮುಂಬೈಯಲ್ಲಿ ಸಂಸಾರ ನಡೀಬೇಕಲ್ಲ? ಮನೆಪಾಠ ಹೇಳಿದರು. ಷೇರು ವ್ಯವಹಾರ ಮಾಡೋರಿಗೆ ಸಲಹೆ ಕೊಡೋ ಒಂದು ಕಚೇರಿ ತೆರೆದರು. ಗಿರಾಕಿಗಳು ಬಂದರು, ಕೆಲಸ ನಡೀತು. ಸಲಹೆ ಕೊಡೋ ಮನುಷ್ಯ ಮಹಾರ ಅಂತ ಗೊತ್ತಾದ ಮೇಲೆ ಬರೋದು ನಿಲ್ಲಿಸಿದರು. ಕಚೇರಿ ಮುಚ್ಚಿತು. 1918ರ ನವೆಂಬರಿನಲ್ಲಿ ಸಿಡ್ನಹ್ಯಾಂ ಕಾಲೇಜಿನಲ್ಲಿ ಅಧ್ಯಾಪಕರ ಕೆಲಸ ಸಿಗೋವರೆಗೂ ಕಷ್ಟದ ದಿನಗಳೇ.

ಸ್ವಲ್ಪ ಯೋಚನೆ ಮಾಡಿ. ಆ ಕಾಲದ ಮುಂಬೈಯಲ್ಲಿ ಅಷ್ಟು ಓದಿದ ಅರ್ಥಶಾಸ್ತ್ರಜ್ಞ ಎಷ್ಟು ಜನ ಇದ್ದಿರಬಹುದು? ಕೊಡೋ ಸರಕು ಒಳ್ಳೇದಿದ್ದರೆ ಜಾತಿ ಅಡ್ಡ ಬರಲ್ಲ ಅನ್ನೋ ಮಾತು ಅಲ್ಲಿಗೇ ಮುಗೀತು. ನಗರ ನಮಗೆ ಅಪರಿಚಿತ ಗಿರಾಕಿಯನ್ನ ಕೊಡುತ್ತೆ, ನಿಜ. ಆದರೆ ಅವನು ಅಪರಿಚಿತನಾಗಿ ಇರೋವರೆಗೆ ಮಾತ್ರ.

ಅದೇ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ನಮ್ಮವರಿಗೆ ನೂಲೋ ವಿಭಾಗ ಇತ್ತು, ಕೂಲಿ ಹೆಚ್ಚಿದ್ದ ನೇಯೋ ವಿಭಾಗಕ್ಕೆ ಪ್ರವೇಶ ಇರಲಿಲ್ಲ. ಕಾರಣ, ನೇಕಾರ ಲಾಳಿಗೆ ದಾರ ಹಾಕುವಾಗ ಬಾಯಿಂದ ಎಳೀಬೇಕಿತ್ತು, ದಾರಕ್ಕೆ ಎಂಜಲು ತಾಗ್ತಿತ್ತು. ಇಂಗ್ಲೆಂಡಿನಿಂದ ಬಂದ ಯಂತ್ರಕ್ಕೂ ಮಡಿ ಮೈಲಿಗೆ ಕಲಿಸಿದ ನಾಡು ನಮ್ಮದು. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನ ಕಾರ್ಮಿಕ ನಾಯಕರ ಮುಂದೆ ಇಟ್ಟಿದ್ದರು.

ಎರಡನೇ ಊರು ನಮ್ಮ ನಿಪ್ಪಾಣಿಯ ಪಕ್ಕದ ಕೊಲ್ಹಾಪುರ. ಹೆಚ್ಚುಕಮ್ಮಿ ಅದೇ ಕಾಲ. ಗಂಗಾರಾಮ ಕಾಂಬಳೆ ಅನ್ನೋ ಮಹಾರ ಸಮುದಾಯದವರು ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರು. ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದರು ಅಂತ ಜೊತೆ ಕೆಲಸದವರೇ ಅವರನ್ನ ಹೊಡೆದರು. ಶಾಹು ಮಹಾರಾಜರಿಗೆ ಗೊತ್ತಾದಾಗ ಹೊಡೆದವರಿಗೆ ಶಿಕ್ಷೆ ಆಯಿತು. ಆಮೇಲೆ ಮಹಾರಾಜರು, ನೀನು ಸ್ವಂತ ಉದ್ಯೋಗ ಮಾಡು ಅಂತ ಗಂಗಾರಾಮರಿಗೆ ಹಣ ಕೊಟ್ಟರು. ಗಂಗಾರಾಮರು ಕೊಲ್ಹಾಪುರ ಪೇಟೆಯಲ್ಲಿ ಚಹಾದಂಗಡಿ ಇಟ್ಟರು.

ಅಂಗಡಿ ಚೊಕ್ಕಟವಾಗಿತ್ತು, ಚಹಾ ಚೆನ್ನಾಗಿತ್ತು. ಆದರೂ ಮಹಾರನ ಕೈಯ ಚಹಾ ಕುಡಿಯೋಕೆ ಊರವರು ಬರಲಿಲ್ಲ. ಆಗ ಶಾಹು ಮಹಾರಾಜರು ಏನು ಮಾಡಿದರು? ಭಾಷಣ ಮಾಡಲಿಲ್ಲ. ತಮ್ಮ ಗಾಡಿಯನ್ನ ನೇರ ಆ ಅಂಗಡಿ ಮುಂದೆ ನಿಲ್ಲಿಸಿ, ಎಲ್ಲರೂ ನೋಡೋ ಹಾಗೆ ಚಹಾ ತರಿಸಿ ಕುಡಿದರು. ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ಒಂದು ದಿನ ಅಲ್ಲ, ಮತ್ತೆ ಮತ್ತೆ ಬಂದರು. ದೊರೆಯೇ ಕುಡಿದ ಮೇಲೆ ಉಳಿದವರ ಮಡಿ ಎಲ್ಲಿ ಉಳೀತು? ಅಂಗಡಿ ನಿಂತಿತು.

ಎರಡೂ ಘಟನೆ ಪಕ್ಕ ಪಕ್ಕ ಇಟ್ಟು ನೋಡಿ. ಒಬ್ಬರು ಅಮೆರಿಕದಲ್ಲಿ ಓದಿಬಂದ ಪಂಡಿತ, ಇನ್ನೊಬ್ಬರು ಲಾಯದ ಆಳು. ಒಂದು ದೇಶದ ದೊಡ್ಡ ವಾಣಿಜ್ಯ ನಗರ, ಇನ್ನೊಂದು ಸಣ್ಣ ಸಂಸ್ಥಾನದ ಪೇಟೆ. ಬಿದ್ದಿದ್ದು ಪಂಡಿತರ ಕಚೇರಿ, ನಿಂತಿದ್ದು ಆಳಿನ ಅಂಗಡಿ. ಗಂಗಾರಾಮರ ಬೆನ್ನಿಗೆ ಅಧಿಕಾರ ಇತ್ತು. ಅದು ಬರೀ ಸಾಲ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ, ಬಂದು ಗಿರಾಕಿಯಾಗಿ ಕೂತಿತು. ನಗರದಲ್ಲಿ ದಲಿತರ ವ್ಯಾಪಾರದ ಬಗ್ಗೆ ನನಗೆ ಹೇಳೋಕಿರೋದು ಮುಖ್ಯವಾಗಿ ಇದನ್ನೇ. ನಮಗೆ ಬಂಡವಾಳ ಎಷ್ಟು ಮುಖ್ಯವೋ, ಬೇಡ ಅನ್ನೋಕಾಗದ ಗಿರಾಕಿಯೂ ಅಷ್ಟೇ ಮುಖ್ಯ.

ಮೂರನೇ ಊರು ಆಗ್ರಾ. ಅಲ್ಲಿನ ಜಾಟವರು ಚರ್ಮದ ಕೆಲಸದವರು. ಬೇರೆಯವರು ಮುಟ್ಟದ ಕೆಲಸ ಆಗಿದ್ದರಿಂದಲೇ ಚಪ್ಪಲಿ ಬೂಟಿನ ಉದ್ಯಮ ಬೆಳೆದಾಗ ಅದರ ಕೈ ಅವರದೇ ಆಯಿತು. ಮನೆಮನೆಯಲ್ಲಿ ಕಾರ್ಖಾನೆ ಎದ್ದವು. ಕೆಲವರು ಮಾಲೀಕರಾದರು. ಯಾವ ಜಮೀನ್ದಾರನ ಹೊಲಕ್ಕೂ ಕೂಲಿಗೆ ಹೋಗಬೇಕಿಲ್ಲದ ಈ ಜನ ಅಂಬೇಡ್ಕರ್ ಚಳವಳಿಯ ಗಟ್ಟಿ ನೆಲೆಯಾದರು. 1956ರ ಮಾರ್ಚ್ 18ರಂದು ಬಾಬಾಸಾಹೇಬರು ಆಗ್ರಾದಲ್ಲಿ ಮಾಡಿದ ಭಾಷಣವನ್ನ ನಮ್ಮವರು ಇವತ್ತಿಗೂ ನೆನೀತಾರೆ. ನಗರದ ದುಡಿಮೆ ರಾಜಕೀಯದ ಧೈರ್ಯ ಕೊಡುತ್ತೆ ಅನ್ನೋದಕ್ಕೆ ಆಗ್ರಾ ಸಾಕ್ಷಿ. ಇದು ನಗರದ ಎರಡನೇ ಲಾಭ, ಯಾವ ವಿಡಿಯೋದಲ್ಲೂ ಹೇಳದ ಲಾಭ.

ಆದರೆ ಅದೇ ಆಗ್ರಾದ ಇನ್ನೊಂದು ಮುಖ ನೋಡಿ. ಬೂಟು ಹೊಲಿಯೋದು ಜಾಟವರು, ಕೊಳ್ಳೋ ಸಗಟು ವ್ಯಾಪಾರ ಬೇರೆಯವರದು. 1947ಕ್ಕೆ ಮುಂಚೆ ಮುಸ್ಲಿಂ ವರ್ತಕರು ಬಹಳ ಜನ ಇದ್ದರು. ವಿಭಜನೆಯಲ್ಲಿ ಅವರು ಹೋದ ಜಾಗಕ್ಕೆ ಪಂಜಾಬಿನಿಂದ ಬಂದ ವರ್ತಕರು ಕೂತರು, ಜಾಟವರು ಕೂರೋಕಾಗಲಿಲ್ಲ. ಹೊಲಿದ ಮಾಲನ್ನ ಹೀಂಗ್ ಕೀ ಮಂಡಿ ಅನ್ನೋ ಮಾರುಕಟ್ಟೆಗೆ ಹೊತ್ತು ತಂದರೆ ಅಡತಿ ವ್ಯಾಪಾರಿ ನಗದು ಕೊಡ್ತಿರಲಿಲ್ಲ, ಚೀಟಿ ಬರೆದು ಕೊಡ್ತಿದ್ದ. ಅದಕ್ಕೆ ಪರ್ಚಿ ಅಂತ ಹೆಸರು. ದುಡ್ಡು ಸಿಗೋದು ಎಷ್ಟೋ ದಿನ ಆದಮೇಲೆ. ನಾಳೆ ಚರ್ಮ ತರೋಕೆ ಇವತ್ತೇ ದುಡ್ಡು ಬೇಕು ಅಂದರೆ ಅದೇ ಚೀಟಿಯನ್ನ ಕಮ್ಮಿ ಬೆಲೆಗೆ ಮಾರಿಕೊಳ್ಳಬೇಕು. ಕಾರ್ಖಾನೆ ನಮ್ಮದು, ಕಸುಬು ನಮ್ಮದು, ಮಾರುಕಟ್ಟೆ ಅವರದು. ಲಾಭ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾ?

ಅಷ್ಟು ದೂರ ಯಾಕೆ, ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿಯೋ ಚಪ್ಪಲಿ ಜಗತ್ತಿಗೆ ಕೊಲ್ಹಾಪುರಿ ಅಂತಲೇ ಗೊತ್ತು. 2019ರಲ್ಲಿ ಬಂದ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನ ಹೆಸರೂ ಹೇಳದೆ ಮಿಲಾನ್ ಪ್ರದರ್ಶನದಲ್ಲಿ ಮೆರೆಸಿ, ಗಲಾಟೆಯಾದ ಮೇಲೆ ಮೂಲ ಒಪ್ಪಿಕೊಂಡಿತು. ಚರ್ಮ ಹದ ಮಾಡೋ ಕೈಯಿಂದ ಮಾರೋ ಕೈಗೆ ಎಷ್ಟು ದೂರ ಇದೆ ನೋಡಿ.

ಈಗ ಇವತ್ತಿನ ನಮ್ಮ ನಗರಗಳಿಗೆ ಬರ್ತೀನಿ.

ಇವತ್ತು ಬೆಂಗಳೂರಲ್ಲಿ ಚಹಾ ಕುಡಿಯೋನು ಮಾಡಿದವನ ಜಾತಿ ಕೇಳಲ್ಲ. ನಗದು ದಿನಾ ಕೈಗೆ ಬರುತ್ತೆ, ಸಗಟು ಮಾರುಕಟ್ಟೆ ಪಕ್ಕದಲ್ಲೇ ಇದೆ, ಹೆಣ್ಣುಮಕ್ಕಳು ಒಬ್ಬರೇ ನಿಂತು ಅಂಗಡಿ ನಡೆಸಬಹುದು. ಹಾಗಾದ್ರೆ ಜಾತಿ ಎಲ್ಲಿ ಕೂತಿದೆ? ಗಿರಾಕಿ ಕಾಣದ ಜಾಗದಲ್ಲಿ ಕೂತಿದೆ. ಮಳಿಗೆ ಬಾಡಿಗೆಗೆ ಕೇಳಿದಾಗ ಮಾಲೀಕರು "ನಿಮ್ದು ಯಾವ ಕಡೆ, ಮನೆದೇವ್ರು ಯಾವುದು" ಅಂತ ಶುರು ಮಾಡ್ತಾರೆ. ನಾನೇ ಹುಡುಗರ ಜೊತೆ ಮಳಿಗೆ ನೋಡೋಕೆ ಹೋದಾಗ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಉತ್ತರ ಕೇಳಿದ ಮೇಲೆ "ಮನೆಯವರನ್ನ ಕೇಳಿ ಹೇಳ್ತೀನಿ" ಅಂತಾರೆ, ಫೋನ್ ಬರಲ್ಲ. ಬಾಡಿಗೆಗೆ ಸಿಕ್ಕರೂ ಹತ್ತು ತಿಂಗಳ ಮುಂಗಡ ಕೇಳೋದು ಬೆಂಗಳೂರಿನ ವಾಡಿಕೆ. ಸಗಟು ವ್ಯಾಪಾರಿ ಮಾಲನ್ನ ಸಾಲಕ್ಕೆ ಕೊಡೋದು ತನ್ನ ಪರಿಚಯದವರ ಮಾತಿನ ಮೇಲೆ. ಆ ಪರಿಚಯ ಅನ್ನೋದು ಮದುವೆ, ಮಠ, ಸಂಘ, ಹಾಸ್ಟೆಲಿನಲ್ಲಿ ಬೆಳೆದದ್ದು. ಬ್ಯಾಂಕಿಗೆ ಜಾಮೀನು ಬೇಕು. ಅದೂ ಆಗದೆ ಹೋದರೆ ಮೀಟರ್ ಬಡ್ಡಿ. ಬೆಂಗಳೂರಿನ ಐಐಎಂ ಸಂಶೋಧಕರು 2011ರ ಜನಗಣತಿಯ ಅತಿ ಸಣ್ಣ ಬ್ಲಾಕುಗಳ ಮಟ್ಟದಲ್ಲಿ ನೋಡಿ, ನಮ್ಮ ಮಹಾನಗರಗಳಲ್ಲಿ ಜಾತಿಜಾತಿ ಬೇರೆ ಬೇರೆಯಾಗೇ ವಾಸ ಮಾಡ್ತಿವೆ ಅಂತ 2018ರಲ್ಲಿ ತೋರಿಸಿದರು. ಕೇರಿ ನಗರಕ್ಕೂ ಬಂದಿದೆ, ಬೋರ್ಡು ಮಾತ್ರ ಬದಲಾಗಿದೆ.

ಬೋರ್ಡು ಅಂದಾಗ ನೆನಪಾಯ್ತು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅವರ ದುಡಿಮೆ, ರುಚಿ ಎರಡಕ್ಕೂ ನನ್ನ ಗೌರವ ಇದೆ. ಆದರೆ ಜಾತಿಯ ಹೆಸರೇ ಒಬ್ಬರಿಗೆ ಗಿರಾಕಿಯನ್ನ ಕರೆಯೋ ಬೋರ್ಡು ಆಯಿತು, ಇನ್ನೊಬ್ಬರು ಜಾತಿ ಮುಚ್ಚಿಟ್ಟು ಗಿರಾಕಿಯನ್ನ ಉಳಿಸಿಕೊಳ್ಳಬೇಕಾಯಿತು. ಹೊಲೆಯರ ಹೋಟೆಲ್, ಮಾದಿಗರ ಮೆಸ್ ಅಂತ ಬೋರ್ಡು ಹಾಕಿ ನಡೆಸೋ ದಿನ ಬಂದಿದೆಯಾ, ನೀವೇ ಹೇಳಿ. 2013-14ರ ಆರನೇ ಆರ್ಥಿಕ ಗಣತಿಯಲ್ಲಿ ಖಾಸಗಿ ಒಡೆತನದ ಉದ್ಯಮಗಳಲ್ಲಿ ಪರಿಶಿಷ್ಟ ಜಾತಿಯವರ ಪಾಲು ನೂರಕ್ಕೆ ಸುಮಾರು 11. ಜನಸಂಖ್ಯೆಯಲ್ಲಿ ನಾವು 16.6.

ಇವತ್ತು ಶಾಹು ಮಹಾರಾಜರ ಜಾಗದಲ್ಲಿ ಇರೋದು ಸರ್ಕಾರ. ಸಾಲ ಕೊಡೋ ಯೋಜನೆಗಳಿಗೆ ಬರ ಇಲ್ಲ. 2016ರ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ ಪ್ರತಿ ಬ್ಯಾಂಕ್ ಶಾಖೆಯೂ ಪರಿಶಿಷ್ಟರೊಬ್ಬರಿಗೆ, ಮಹಿಳೆಯೊಬ್ಬರಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತಿತ್ತು. ಆದರೆ ಚಹಾ ಕುಡಿಯೋಕೆ ಸರ್ಕಾರ ಬರುತ್ತಾ? ಕೇಂದ್ರದ 2012ರ ಖರೀದಿ ನೀತಿ ಪ್ರಕಾರ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 4ರಷ್ಟನ್ನ ಪರಿಶಿಷ್ಟರ ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಆ ನಾಲ್ಕನ್ನ ಮುಟ್ಟೋಕೆ ಇನ್ನೂ ಆಗಿಲ್ಲ. ಕರ್ನಾಟಕ ಟೆಂಡರ್ ಕಾಯ್ದೆಗೆ ತಿದ್ದುಪಡಿ ತಂದು 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪಂಗಡಕ್ಕೆ 6.95 ಮೀಸಲು ಕೊಟ್ಟಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಇದು ದೊಡ್ಡ ಹೆಜ್ಜೆ, ಸುಮ್ಮನೆ ಸಿಕ್ಕಿದ್ದೂ ಅಲ್ಲ. ಆದರೆ ಲೈಸೆನ್ಸು ನಮ್ಮ ಹುಡುಗನ ಹೆಸರಲ್ಲಿ, ಬಿಲ್ಲು ಬೇರೆಯವರ ಜೇಬಿಗೆ ಅನ್ನೋ ವ್ಯವಹಾರವೂ ನಡೀತಿದೆ. ಹೆಸರು ಬಾಡಿಗೆಗೆ ಕೊಡೋ ತಮ್ಮಂದಿರೇ, ಅದು ಶಾಹು ಕುಡಿದ ಚಹಾದ ದುಡ್ಡನ್ನ ಲಾಯದಲ್ಲಿ ಹೊಡೆದವರ ಕೈಗೆ ಕೊಟ್ಟ ಹಾಗೆ.

ಚಳವಳಿಯ ಗೆಳೆಯರು ಇಲ್ಲಿ ನನ್ನನ್ನ ತಡೀತಾರೆ ಅಂತ ಗೊತ್ತು. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರು ಅಂತ ಬಾಬಾಸಾಹೇಬರು 1938ರಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರ ಸಮಾವೇಶದಲ್ಲಿ ಹೇಳಲಿಲ್ವಾ, ನೀವು ಅಂಗಡಿ ಇಡಿ ಅಂತೀರಲ್ಲ ಅಂತ. 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಶುರುವಾದಾಗಿಂದ ಈ ಜಗಳ ಇದೆ. ಕೆಲಸ ಬೇಡೋದು ಬಿಟ್ಟು ಕೆಲಸ ಕೊಡೋರಾಗೋಣ ಅಂತ ಅವರು. ನಾಲ್ಕು ಜನ ಕೋಟ್ಯಾಧಿಪತಿ ಆದರೆ ಕೋಟ್ಯಂತರ ಕೂಲಿಗಳ ಬಾಳು ಬದಲಾಗಲ್ಲ ಅಂತ ಆನಂದ್ ತೇಲ್ತುಂಬ್ಡೆಯಂಥವರು. ನಾನು ಎರಡನೇ ಮಾತಿನ ಕಡೆಗೇ ಹೆಚ್ಚು ವಾಲ್ತೀನಿ. ದಲಿತ ಬಂಡವಾಳ ಜಾತಿ ವಿನಾಶ ಮಾಡುತ್ತೆ ಅಂತ ನಾನು ನಂಬಲ್ಲ. ಆದರೆ ಬಾಬಾಸಾಹೇಬರು ಬಂಡವಾಳಶಾಹಿಯ ವಿರುದ್ಧ ಮಾತಾಡಿದ್ದು, ಚಹಾದಂಗಡಿ ಇಟ್ಟ ಗಂಗಾರಾಮರ ವಿರುದ್ಧ ಅಲ್ಲ. ಕರ್ನಾಟಕದಲ್ಲಿ ನಮ್ಮ ಚಳವಳಿ ಭೂಮಿ ಕೇಳಿತು, ಹಾಸ್ಟೆಲ್ ಕೇಳಿತು, ಹೆಂಡದ ವಿರುದ್ಧ ನಿಂತಿತು. ಎಲ್ಲವೂ ಸರಿ. ಪೇಟೆಯಲ್ಲಿ ಒಬ್ಬನೇ ನಿಂತ ನಮ್ಮ ಹುಡುಗನ ಬಗ್ಗೆ ಮಾತ್ರ ಕಮ್ಮಿ ಮಾತಾಡಿತು. ಅವನಿಗೆ ಸಂಘಟನೆ ಇಲ್ಲದಿದ್ದರೆ ಬಡ್ಡಿಯವನೇ ಸಂಘಟನೆ ಆಗ್ತಾನೆ.

ಅದಕ್ಕೆ ನನ್ನ ತೂಕ ಹೀಗಿದೆ. ಬೇರೆಯವರು ಬೇರೆ ಹೇಳಿದರೆ ಕಾಮೆಂಟಲ್ಲಿ ಹೇಳಿ, ಚರ್ಚೆ ಮಾಡೋಣ.

ಒಂದು, ಹಳ್ಳಿಗಿಂತ ನಗರವೇ ಮೇಲು. ಹೋಗಿ. ಆದರೆ ಜಮೀನು ಮಾರಿ ಹೋಗಬೇಡಿ. ನಮಗೆ ಮಂಜೂರಾದ ಜಮೀನು ಕೈಬಿಡದಿರಲಿ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂದಿದ್ದು. ಅಂಗಡಿ ಮುಚ್ಚಿದರೆ ವಾಪಸ್ ಬರೋಕೆ ಒಂದು ನೆಲ ಇರಲಿ. ಬಾಬಾಸಾಹೇಬರ ಕಚೇರಿಯೇ ಮುಚ್ಚಿತ್ತು ಅನ್ನೋದು ನೆನಪಿರಲಿ.

ಎರಡು, ಒಬ್ಬರೇ ಹೋಗಬೇಡಿ. ಮೂರು ನಾಲ್ಕು ಜನ ಸೇರಿ ಮುಂಗಡ ಹಂಚಿಕೊಳ್ಳಿ, ಕಾಯಿಲೆ ಬಿದ್ದಾಗ ಒಬ್ಬರ ಅಂಗಡೀಲಿ ಇನ್ನೊಬ್ಬರು ಕೂರಿ. ಬೇರೆಯವರಿಗೆ ಮಠ, ಸಂಘ ಮಾಡೋ ಕೆಲಸ ನಮಗೆ ನಾವೇ ಮಾಡ್ಕೋಬೇಕು.

ಮೂರು, ತಯಾರಿಸಿದರೆ ಸಾಲದು, ಮಾರೋ ಜಾಗವೂ ಕೈಲಿರಬೇಕು. ಆಗ್ರಾದ ಪರ್ಚಿ ಮರೀಬೇಡಿ. ಈಗ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು 45 ದಿನದೊಳಗೆ ದುಡ್ಡು ಕೊಡಲೇಬೇಕು. ತಯಾರಿಸೋರು, ಸೇವೆ ಕೊಡೋರು ಮೊದಲ ದಿನವೇ ಉದ್ಯಮ್ ನೋಂದಣಿ ಮಾಡಿಸಿ. ಬರೀ ಕೊಂಡು ಮಾರೋ ವ್ಯಾಪಾರಿಗೆ ಈ ರಕ್ಷಣೆ ಇಲ್ಲ ಅನ್ನೋದೂ ಗೊತ್ತಿರಲಿ.

ನಾಲ್ಕು, ತಳ್ಳುಗಾಡಿ, ಚಪ್ಪಲಿ ರಿಪೇರಿ, ಫುಟ್‌ಪಾತ್ ತಿಂಡಿ ಮಾಡೋ ನಮ್ಮ ಅಕ್ಕ ಅಣ್ಣಂದಿರೂ ಉದ್ಯಮಿಗಳೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸಮೀಕ್ಷೆ ಮುಗಿಯೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಗುರುತಿನ ಚೀಟಿ ಮಾಡಿಸಿಕೊಡಿ, ಎಬ್ಬಿಸೋಕೆ ಬಂದಾಗ ಜೊತೆಗೆ ನಿಲ್ಲಿ.

ಇನ್ನು ಸಂಘಟನೆಯವರಿಗೆ ಒಂದು ಕೆಲಸ. ನಿಮ್ಮ ನಗರಸಭೆಗೋ ಪಾಲಿಕೆಗೋ ಒಂದು ಆರ್‌ಟಿಐ ಅರ್ಜಿ ಹಾಕಿ. ಕಳೆದ ವರ್ಷ 1 ಕೋಟಿಯೊಳಗಿನ ಕಾಮಗಾರಿ ಎಷ್ಟು, ಅದರಲ್ಲಿ ಪರಿಶಿಷ್ಟ ಗುತ್ತಿಗೆದಾರರಿಗೆ ಎಷ್ಟು ಹೋಯಿತು, ಬಿಲ್ಲು ಎಷ್ಟು ದಿನಕ್ಕೆ ಪಾಸಾಯಿತು. ಮೂರೇ ಪ್ರಶ್ನೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಂದ ಉತ್ತರದ ಫೋಟೋ ತೆಗೆದು ಇಲ್ಲೇ ಹಾಕಿ. ಎಲ್ಲ ಊರಿನ ಲೆಕ್ಕ ಒಟ್ಟು ಮಾಡಿ, ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸದೇ ಹೋದವರು ಯಾರ್ಯಾರು ಅಂತ ಹೆಸರು ಹಿಡಿದು ಕೇಳೋಣ.

ಜೈ ಭೀಮ್.